ಮೃತ್ಪಾತ್ರೆಯಿಂದ ಶುಭಾಶಯಪತ್ರಕ್ಕೆ

ಮಾನವನು ಮಾನವನಿಗೆ ಒಳಿತನ್ನು ಕೋರುವ ಪದ್ಧತಿಯು ಮಾತಿನಷ್ಟೇ ಪ್ರಾಚೀನವಾದುದು. ಆದರೆ ಆ ಕೋರಿಕೆಯನ್ನು ಬಾಯಿಂದ ಆಡಿ ಮುಗಿಸದೆ, ಒಂದು ವಸ್ತುವಿನ ಮೇಲೆ ಬರೆದು, ಆ ವಸ್ತುವನ್ನು ಇನ್ನೊಬ್ಬರ ಕೈಗೆ ಮುಟ್ಟಿಸುವ ವಾಡಿಕೆಯು ಯಾವ ಯಾವ ದಾರಿಗಳಲ್ಲಿ ನಡೆದು ನಮ್ಮ ಮನೆಯ ಬಾಗಿಲಿಗೆ ಬಂದಿತೆಂಬುದನ್ನು ನಾನು ಇತ್ತೀಚಿನವರೆಗೂ ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದವಳು ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು.

ಕಳೆದ ಯುಗಾದಿಗೆ ಇನ್ನೂ ಹದಿನೈದು ದಿನಗಳಿದ್ದಾಗ ಅವಳು ಒಂದು ಚಿತ್ರಪುಸ್ತಕವನ್ನು ತೆರೆದುಕೊಂಡು ನನ್ನ ಬಳಿಗೆ ಬಂದಳು. ಪುಟದಲ್ಲಿ ಒಂದು ಗ್ರೀಕ್ ಪಾತ್ರೆಯ ಚಿತ್ರವಿದ್ದಿತು. ಕೆಂಪು ನೆಲ, ಅದರ ಮೇಲೆ ಕಪ್ಪು ಆಕೃತಿಗಳು. “ತಾತ, ಹಬ್ಬಕ್ಕೆ ಈ ಕೊಡದ ಹಾಗೆ ಕಾಣುವ ಶುಭಾಶಯಪತ್ರ ಮಾಡಬೇಕು, ಹೇಗೆಂದು ಹೇಳಿಕೊಡಿ” ಎಂದಳು. ನಾನು ಸ್ವಲ್ಪ ಬಿರುಸಾಗಿಯೇ ಉತ್ತರ ಕೊಟ್ಟೆನು. ಶುಭಾಶಯಪತ್ರವೆಂಬುದು ಬರೆಯಲು ಪುರುಸೊತ್ತಿಲ್ಲದವರ ಉಪಾಯ. ನಿಜವಾಗಿ ಒಳಿತನ್ನು ಕೋರುವವನು ಕುಳಿತು ನಾಲ್ಕು ಪುಟಗಳ ಕಾಗದ ಬರೆಯಬೇಕು, ಎಂದೆನು. ಅವಳು ನನ್ನ ಮುಖವನ್ನು ನೋಡಿ, “ನೀವು ಯಾರಿಗೆ ಬರೆದಿದ್ದೀರಿ ತಾತ?” ಎಂದು ಕೇಳಿದಳು.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪಾಠಶಾಲೆಯಲ್ಲಿ ನನ್ನ ಸಹಾಧ್ಯಾಯಿಯಾಗಿದ್ದು, ಈಗ ತುಂಗಾತೀರದ ಒಂದು ಊರಿನಲ್ಲಿ ನೆಲಸಿರುವ ಮಿತ್ರನೊಬ್ಬನಿದ್ದಾನೆ. ಒಂಬತ್ತು ವರ್ಷಗಳ ಹಿಂದೆ, ಹತ್ತು ಜನರ ಮುಂದೆ, ಒಂದು ಸಮಾಸವನ್ನು ಬಿಡಿಸುವ ವಿಚಾರದಲ್ಲಿ ನಮ್ಮಿಬ್ಬರಿಗೂ ಮಾತು ಬೆಳೆಯಿತು. ಅಂದಿನಿಂದ ಪತ್ರವ್ಯವಹಾರವು ನಿಂತುಹೋಯಿತು. ನಾಲ್ಕು ಪುಟಗಳ ಕಾಗದವನ್ನು ನಾನು ಪ್ರತಿವರ್ಷವೂ ಮನಸ್ಸಿನಲ್ಲಿ ಬರೆದಿದ್ದೇನೆ. ಕಾಗದದ ಮೇಲೆ ಬರೆದಿಲ್ಲ. ಮಗುವಿಗೆ ಬಿರುಸಾಗಿ ಮಾತನಾಡಿದುದಕ್ಕೆ ಪ್ರಾಯಶ್ಚಿತ್ತವಾಗಿ ಶುಭಾಶಯಪತ್ರದ ಚರಿತ್ರೆಯನ್ನು ಕಲೆಹಾಕತೊಡಗಿದೆನು. ನಾನು ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇನೆ. ನದಿಯನ್ನು ಮುಖದಿಂದ ಮೂಲದವರೆಗೆ ಹತ್ತಿಹೋಗುವವರಂತೆ, ಕಾಗದದ ಪತ್ರದಿಂದ ಹೊರಟು ಮಣ್ಣಿನ ಪಾತ್ರೆಯವರೆಗೆ ಹೋಗೋಣ.

ಮುದ್ರಿತವಾದ ಕ್ರಿಸ್ಮಸ್ ಶುಭಾಶಯಪತ್ರಗಳಲ್ಲಿ ಮೊದಲನೆಯದೆಂದು ಪ್ರಸಿದ್ಧವಾಗಿರುವುದು ೧೮೪೩ರಲ್ಲಿ ಲಂಡನ್ ನಗರದಲ್ಲಿ ಹೊರಟಿತು. ಅದನ್ನು ಮಾಡಿಸಿದವನು ಹೆನ್ರಿ ಕೋಲ್ ಎಂಬ ಸರಕಾರೀ ಅಧಿಕಾರಿ. ಚಿತ್ರವನ್ನು ಬರೆದವನು ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರ. ಇದರ ಹಿನ್ನೆಲೆಯು ಅಂಚೆಯ ಚರಿತ್ರೆಯಲ್ಲಿದೆ. ೧೮೪೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆಯು ಜಾರಿಗೆ ಬಂದಿತು. ಅದಕ್ಕೆ ಹಿಂದೆ ದೂರಕ್ಕೆ ತಕ್ಕಂತೆ ದರವು ಏರುತ್ತಿದ್ದಿತು. ಬಹುಮಟ್ಟಿಗೆ ಕಾಗದವನ್ನು ಪಡೆದವನೇ ಹಣ ತೆರಬೇಕಾಗಿದ್ದಿತು. ಹೊಸ ವ್ಯವಸ್ಥೆಯಲ್ಲಿ ಅರ್ಧ ಔನ್ಸ್ ತೂಕದ ಕಾಗದವು ಒಂದೇ ಪೆನ್ನಿಗೆ ಆ ರಾಜ್ಯದ ಯಾವ ಮೂಲೆಗಾದರೂ ಹೋಗಬಹುದಾಯಿತು. ಈ ಸುಧಾರಣೆಗಾಗಿ ದುಡಿದ ರೋಲಂಡ್ ಹಿಲ್ ಮಹಾಶಯನಿಗೆ ನೆರವಾಗಿ ನಿಂತವರಲ್ಲಿ ಇದೇ ಹೆನ್ರಿ ಕೋಲನೂ ಒಬ್ಬನು. ಅಂಚೆಯು ಅಗ್ಗವಾಯಿತು, ಕಾಗದಗಳು ಹೆಚ್ಚಿದುವು. ಹಬ್ಬದ ದಿನಗಳಲ್ಲಿ ಬಂದ ಕಾಗದಗಳಿಗೆಲ್ಲ ಉತ್ತರ ಕೊಡುವುದು ಕೋಲನಿಗೇ ಹೊರೆಯಾಯಿತು. ತಾನು ನೆಟ್ಟ ಮರದ ಹಣ್ಣು ತನ್ನ ತಲೆಯ ಮೇಲೆಯೇ ಬಿದ್ದಂತಾಯಿತು! ಆಗ ಅವನಿಗೆ ಹೊಳೆದ ಉಪಾಯವೇ ಒಂದೇ ಅಚ್ಚಿನ ಪತ್ರ. ಪುರುಸೊತ್ತಿಲ್ಲದವರ ಉಪಾಯವೆಂದು ನಾನು ಮಗುವಿಗೆ ಹೇಳಿದ ಮಾತು ಚರಿತ್ರೆಯ ದೃಷ್ಟಿಯಿಂದ ಪೂರ್ತಿ ಸುಳ್ಳಾಗಿರಲಿಲ್ಲವೆಂಬ ಸಮಾಧಾನವು ಇಲ್ಲಿಯವರೆಗೆ ಮಾತ್ರ ನನಗೆ ಉಳಿದಿದ್ದಿತು.

ಆ ಪತ್ರದ ರೂಪವನ್ನು ಸ್ವಲ್ಪ ವಿವರಿಸಬೇಕು. ಅಂಚಿನಲ್ಲಿ ಬಳ್ಳಿ ಹಬ್ಬಿದ ಚಪ್ಪರದಂತಹ ಚೌಕಟ್ಟು. ಅದರಿಂದ ಮೂರು ಅಂಕಣಗಳಾಗಿವೆ. ನಡುವಣ ದೊಡ್ಡ ಅಂಕಣದಲ್ಲಿ ಮೂರು ತಲೆಮಾರಿನ ಒಂದು ಕುಟುಂಬವು ಮೇಜಿನ ಸುತ್ತ ಕುಳಿತು, ಪತ್ರವನ್ನು ನೋಡುತ್ತಿರುವವರ ಕಡೆಗೆ ದ್ರಾಕ್ಷಾರಸದ ಬಟ್ಟಲುಗಳನ್ನೆತ್ತಿ ಶುಭವನ್ನು ಕೋರುತ್ತಿದೆ. ಇಕ್ಕೆಲಗಳ ಸಣ್ಣ ಅಂಕಣಗಳಲ್ಲಿ ಹಸಿದವರಿಗೆ ಅನ್ನವನ್ನೂ ಬಟ್ಟೆಯಿಲ್ಲದವರಿಗೆ ಬಟ್ಟೆಯನ್ನೂ ಕೊಡುವ ದೃಶ್ಯಗಳಿವೆ. ಯಾರಿಗೆ, ಯಾರಿಂದ, ಎಂಬುದನ್ನು ತುಂಬಲು ಜಾಗವನ್ನು ಬಿಟ್ಟಿದೆ. ಸುಮಾರು ಒಂದು ಸಾವಿರ ಪ್ರತಿಗಳನ್ನು ಕಲ್ಲಚ್ಚಿನಲ್ಲಿ ತೆಗೆದು, ಕೈಯಿಂದ ಬಣ್ಣ ಹಾಕಿಸಿ, ಒಂದೊಂದನ್ನು ಒಂದು ಷಿಲಿಂಗಿಗೆ ಮಾರಿದರು. ಅಂದರೆ ಪತ್ರದ ಬೆಲೆಯು ಅದರ ಅಂಚೆಯ ಬೆಲೆಗೆ ಹನ್ನೆರಡರಷ್ಟು! ಅದು ಬಡವರ ವಸ್ತುವಾಗಿರಲಿಲ್ಲ. ಪಾನನಿರೋಧದ ಪಕ್ಷದವರು ಚಿತ್ರದಲ್ಲಿ ಮಗುವಿಗೂ ದ್ರಾಕ್ಷಾರಸವನ್ನು ಕುಡಿಸುತ್ತಿರುವುದನ್ನು ಕಂಡು ಆಕ್ಷೇಪವೆತ್ತಿದರು. ಈ ಬಟ್ಟಲನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಇನ್ನೊಂದು ರೂಪದಲ್ಲಿ ನಮಗೆ ಎದುರಾಗುವುದು.

ಮೂರು ವರ್ಷಗಳು ಕಳೆದ ಮೇಲೆ ಇದೇ ಕೋಲನ ಹೆಸರು ಕುಂಬಾರಿಕೆಯ ಚರಿತ್ರೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅವನಿಗೆ ಫೆಲಿಕ್ಸ್ ಸಮ್ಮರ್ಲಿ ಎಂಬ ಒಂದು ಗುಪ್ತನಾಮವಿದ್ದಿತು; ಶುಭಾಶಯಪತ್ರವು ಹೊರಬಿದ್ದುದೂ ಆ ಹೆಸರಿನ ಪ್ರಕಟನಸಂಸ್ಥೆಯಿಂದಲೇ. ಕಲೆಗಳ ಉತ್ತೇಜನಕ್ಕಾಗಿ ಲಂಡನ್ನಿನಲ್ಲಿದ್ದ ‘ಸೊಸೈಟಿ ಆಫ್ ಆರ್ಟ್ಸ್’ ಎಂಬ ಸಂಘವು ದಿನಬಳಕೆಯ ಚಹದ ಪಾತ್ರೆಗಳ ಮಾದರಿಗೆ ಬಹುಮಾನವನ್ನು ಸಾರಿದಾಗ, ಕೋಲನು ಆ ಗುಪ್ತನಾಮದಲ್ಲಿಯೇ ಒಂದು ಮಾದರಿಯನ್ನು ರಚಿಸಿ, ಮಿಂಟನ್ನನ ಕಾರ್ಖಾನೆಯಲ್ಲಿ ಮಾಡಿಸಿ, ೧೮೪೬ರಲ್ಲಿ ಬಹುಮಾನವನ್ನು ಪಡೆದನು. ಅಗ್ಗದ ಬೆಲೆಗೆ ಎಷ್ಟು ಸೌಂದರ್ಯವು ಒದಗಬಲ್ಲುದೋ ಅಷ್ಟನ್ನು ಸಾಮಾನ್ಯರ ಮನೆಗೆ ಮುಟ್ಟಿಸಬೇಕೆಂಬುದು ಅವನ ಸಂಕಲ್ಪವಾಗಿದ್ದಿತು. ಬಟ್ಟಲಿನ ಹಿಡಿಕೆಯು ಹೇಗಿರಬೇಕೆಂಬ ಪ್ರಶ್ನೆಯು ಬಂದಾಗ ಅವನು ಮನಸ್ಸಿಗೆ ತೋರಿದಂತೆ ಗೀಚಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ಅಲ್ಲಿನ ಗ್ರೀಕ್ ಮೃತ್ಪಾತ್ರೆಗಳನ್ನು ನೋಡಿ ಪ್ರಮಾಣವನ್ನು ಹುಡುಕಿದನು. ನಮ್ಮ ಶಾಸ್ತ್ರಕಾರರು ಶಿಷ್ಟಪ್ರಯೋಗವನ್ನು ಹುಡುಕುವಂತೆಯೇ ಇದು. ಶುಭಾಶಯಪತ್ರದ ಜನಕನು ಗ್ರೀಕ್ ಕುಂಬಾರನ ಶಿಷ್ಯನೂ ಆಗಿದ್ದನೆಂಬುದನ್ನು ಓದಿದಾಗ, ಮೊಮ್ಮಗಳ ಕೋರಿಕೆಯು ನಾನೆಣಿಸಿದಷ್ಟು ವಿಚಿತ್ರವಾದುದಲ್ಲವೆಂದು ನನಗೆ ತೋರಿತು.

ಆ ಪಾತ್ರೆಗಳು ಲಂಡನ್ನಿಗೆ ಬಂದುದು ಹೇಗೆ? ಇದಕ್ಕಾಗಿ ನಾವು ಇನ್ನೂ ಎಂಬತ್ತು ವರ್ಷಗಳಷ್ಟು ಹಿಂದಕ್ಕೆ, ಇಟಲಿಯ ನೇಪಲ್ಸ್ ನಗರಕ್ಕೆ ಹೋಗಬೇಕು. ೧೭೬೪ರಿಂದ ಅಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ವಿಲಿಯಮ್ ಹ್ಯಾಮಿಲ್ಟನ್ ಎಂಬುವನು, ನೆಲದೊಳಗಣ ಸಮಾಧಿಗಳಿಂದ ಹೊರಬರುತ್ತಿದ್ದ ಪ್ರಾಚೀನ ಪಾತ್ರೆಗಳನ್ನು ಆಸೆಯಿಂದ ಸಂಗ್ರಹಿಸಿದನು. ಸಂಗ್ರಹವನ್ನು ೧೭೭೨ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಂಡುಕೊಂಡರು; ಅಲ್ಲಿನ ಗ್ರೀಕ್ ಪಾತ್ರೆಗಳ ಭಂಡಾರಕ್ಕೆ ಅಸ್ತಿಭಾರವಾದುದು ಇದೇ. ಆದರೆ ಪಾತ್ರೆಗಳಿಗಿಂತ ಮೊದಲೇ ಅವುಗಳ ಚಿತ್ರಗಳು ಪಯಣ ಹೊರಟಿದ್ದುವು. ದಾಂಕಾರ್ವಿಲ್ ಎಂಬ ವಿದ್ವಾಂಸನು ಹ್ಯಾಮಿಲ್ಟನ್ನನ ಪಾತ್ರೆಗಳ ಚಿತ್ರಗಳನ್ನು ತಾಮ್ರದ ಹಲಗೆಗಳಲ್ಲಿ ಕೊರೆಯಿಸಿ ನಾಲ್ಕು ದೊಡ್ಡ ಸಂಪುಟಗಳಲ್ಲಿ ಅಚ್ಚುಹಾಕಿಸಿದನು. ಅವುಗಳ ಮುಖಪುಟದಲ್ಲಿರುವ ವರ್ಷಗಳು ೧೭೬೬, ೧೭೬೭. ಪಂಡಿತರ ವಿನೋದವಷ್ಟೇ ಅದರ ಗುರಿಯಾಗಿರಲಿಲ್ಲ. ಕುಶಲಕರ್ಮಿಗಳು ಈ ಮಾದರಿಗಳನ್ನು ನೋಡಿ ಹೊಸತನ್ನು ಮಾಡಲಿ ಎಂಬುದೂ ಹ್ಯಾಮಿಲ್ಟನ್ನನ ಅಪೇಕ್ಷೆಯಾಗಿದ್ದಿತು.

ಆ ಅಪೇಕ್ಷೆಯನ್ನು ಕೈಗೂಡಿಸಿದವನು ಜೊಸಾಯ ವೆಜ್‌ವುಡ್ ಎಂಬ ಇಂಗ್ಲಿಷ್ ಕುಂಬಾರ. ಅವನು ಕುಂಬಾರರ ಮನೆತನದಲ್ಲಿಯೇ ಹುಟ್ಟಿದವನು. ಬಾಲ್ಯದಲ್ಲಿ ಸಿಡುಬು ತಗಲಿ ಅವನ ಬಲಗಾಲು ದುರ್ಬಲವಾಯಿತು; ೧೭೬೮ರಲ್ಲಿ ಆ ಕಾಲನ್ನು ಕತ್ತರಿಸಬೇಕಾಗಿ ಬಂದಿತು. ಮರುವರ್ಷವೇ, ೧೭೬೯ರ ಜೂನ್ ೧೩ರಂದು, ಅವನು ತನ್ನ ಹೊಸ ಕಾರ್ಖಾನೆಯನ್ನು ಆರಂಭಿಸಿದನು. ಅಂದು ಅವನ ಪಾಲುದಾರನಾದ ಥಾಮಸ್ ಬೆಂಟ್ಲಿಯು ತಿಗರಿಯನ್ನು ತಿರುಗಿಸಲು, ವೆಜ್‌ವುಡ್ಡನು ಸ್ವಂತ ಕೈಯಿಂದ ಆರು ಪಾತ್ರೆಗಳನ್ನು ಎತ್ತಿದನು. ಅವುಗಳನ್ನು ಕಪ್ಪು ಮಣ್ಣಿನಲ್ಲಿ ಮಾಡಿ, ಮೇಲೆ ಹ್ಯಾಮಿಲ್ಟನ್ನನ ಗ್ರಂಥದಿಂದ ತೆಗೆದ ಆಕೃತಿಗಳನ್ನು ಕೆಂಪು ಬಣ್ಣದಲ್ಲಿ ಬರೆಯಿಸಿದನು. ಎಟ್ರೂರಿಯದ ಕಲೆಗಳು ಪುನರ್ಜನ್ಮವನ್ನು ತಾಳುತ್ತಿವೆ ಎಂಬ ಅರ್ಥದ ಲ್ಯಾಟಿನ್ ವಾಕ್ಯವನ್ನೂ ಸೇರಿಸಿದನು. ಕಾರ್ಖಾನೆಗೂ ಎಟ್ರೂರಿಯ ಎಂದೇ ಹೆಸರು. ಇಟಲಿಯ ನೆಲದಲ್ಲಿ ದೊರೆತ ಪಾತ್ರೆಗಳನ್ನು ಆ ದೇಶದ ಪ್ರಾಚೀನರಾದ ಎಟ್ರುಸ್ಕನ್ ಜನರೇ ಮಾಡಿದರೆಂದು ಆಗಿನವರು ಸಾಮಾನ್ಯವಾಗಿ ಎಣಿಸುತ್ತಿದ್ದರು. ಅವುಗಳಲ್ಲಿ ಹೆಚ್ಚಿನವು ಗ್ರೀಕ್ ಕುಂಬಾರರ ಕೃತಿಗಳೆಂಬುದು ಕ್ರಮೇಣ ಸ್ಥಿರಪಟ್ಟಿತು. ಹೀಗೆ ಹೆಸರು ತಪ್ಪಾದರೂ ಸಂಬಂಧವು ನಿಜವಾಗಿಯೇ ಉಳಿಯಿತು. ತಪ್ಪಿನ ಮೂಲಕವೂ ತಲುಪಬೇಕಾದುದು ತಲುಪುವುದುಂಟು.

ಪಾತ್ರೆಯ ರೇಖೆಯು ಕಾಗದಕ್ಕೆ ಇಳಿದ ಬಗೆಯು ಇನ್ನೂ ಸ್ವಾರಸ್ಯವಾಗಿದೆ. ೧೭೭೫ರಿಂದ ವೆಜ್‌ವುಡ್ಡನಿಗಾಗಿ ಮಾದರಿಗಳನ್ನು ಮಾಡುತ್ತಿದ್ದ ಜಾನ್ ಫ್ಲಾಕ್ಸ್‌ಮನ್ ಎಂಬ ಶಿಲ್ಪಿಯು ಹ್ಯಾಮಿಲ್ಟನ್ನನ ಪಾತ್ರೆಗಳ ಚಿತ್ರಗಳನ್ನು ದಿನವೂ ನೋಡಿ ಪಳಗಿದವನು. ಮುಂದೆ ಅವನು ರೋಮ್ ನಗರದಲ್ಲಿದ್ದಾಗ, ಹೋಮರನ ಎರಡು ಮಹಾಕಾವ್ಯಗಳಿಗೆ ಚಿತ್ರಗಳನ್ನು ಬರೆದನು. ಅವುಗಳ ಅಚ್ಚಾದ ಹಾಳೆಗಳು ೧೭೯೩ರಲ್ಲಿ ಹೊರಬಂದುವು. ಈ ಚಿತ್ರಗಳಲ್ಲಿ ನೆರಳಿಲ್ಲ, ಬಣ್ಣವಿಲ್ಲ; ಬಿಳಿಯ ಕಾಗದದ ಮೇಲೆ ಶುದ್ಧವಾದ ಹೊರರೇಖೆಯೊಂದೇ. ಆ ಹಾಳೆಗಳು ಯೂರೋಪಿನಲ್ಲೆಲ್ಲ ಹರಡಿ ಅನೇಕ ಚಿತ್ರಕಾರರಿಗೆ ಪಾಠವಾದುವು. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಮಣ್ಣಿನ ಮೈಯನ್ನು ಸುತ್ತಿಕೊಂಡಿದ್ದ ರೇಖೆಯು ಹೀಗೆ ಬಿಡಿಸಿಕೊಂಡು ಚಪ್ಪಟೆಯಾದ ಕಾಗದದ ಮೇಲೆ ಮಲಗಿತು. ಪಾತ್ರೆಯ ಚಿತ್ರವನ್ನು ಪತ್ರದ ಮೇಲೆ ತರಬೇಕೆಂಬ ಬಾಲಕಿಗೆ ಇದಕ್ಕಿಂತ ಬೇರೆ ಪೂರ್ವಪ್ರಮಾಣವು ಬೇಕೆ?

ಇನ್ನು ಮೂಲಕ್ಕೆ ಬರೋಣ. ಕ್ರಿಸ್ತಪೂರ್ವ ೫೬೦ರಿಂದ ೫೩೦ರವರೆಗಿನ ಸುಮಾರು ಮೂವತ್ತು ವರ್ಷಗಳಲ್ಲಿ ಅಥೆನ್ಸ್ ನಗರದ ಕುಂಬಾರರು ಒಂದು ಬಗೆಯ ಪಾನಪಾತ್ರೆಗಳನ್ನು ವಿಶೇಷವಾಗಿ ಮಾಡುತ್ತಿದ್ದರು. ಎತ್ತರವಾದ ಪಾದ, ಅಗಲವಾದ ಬಟ್ಟಲು, ಎರಡು ಪಕ್ಕಗಳಲ್ಲಿ ಎರಡು ಹಿಡಿಕೆಗಳು, ಮೇಲೆ ಸ್ಪಷ್ಟವಾಗಿ ಬೇರೆಯಾಗಿ ಕಾಣುವ ತುಟಿ. ಇವುಗಳ ಮೇಲೆ ಬಹು ಸಣ್ಣ ಚಿತ್ರಗಳನ್ನು ಬರೆದವರನ್ನು ಕಲೆಯ ಇತಿಹಾಸಕಾರರು ಕಿರುಚಿತ್ರಗಳ ಆಚಾರ್ಯರೆಂಬ ಭಾವದ ಹೆಸರಿನಿಂದ ಕರೆಯುತ್ತಾರೆ. ನೆಯಾರ್ಖನ ಮಗನಾದ ತ್ಲೇಸೋನನು ಮಾಡಿದನು ಎಂದು ತಂದೆಯ ಹೆಸರಿನೊಡನೆ ತನ್ನ ಹೆಸರನ್ನು ಬರೆದ ಕುಂಬಾರನೊಬ್ಬನ ಅನೇಕ ಬಟ್ಟಲುಗಳು ಇಂದಿಗೂ ಉಳಿದಿವೆ. ಈ ಬಟ್ಟಲಿನ ತುಟಿಯ ಭಾಗಕ್ಕೆ ಕಪ್ಪು ಬಳಿಯದೆ ಮಣ್ಣಿನ ಕೆಂಬಣ್ಣವನ್ನೇ ಬಿಟ್ಟು, ನಡುವೆ ಒಂದೇ ಒಂದು ಹಕ್ಕಿಯನ್ನೋ ಪ್ರಾಣಿಯನ್ನೋ ಬರೆಯುತ್ತಿದ್ದರು. ಕೆಲವು ವೇಳೆ ಅದೂ ಇಲ್ಲ. ಅದರ ಕೆಳಗೆ, ಒಂದು ಹಿಡಿಕೆಯಿಂದ ಇನ್ನೊಂದು ಹಿಡಿಕೆಯವರೆಗೆ, ಒಂದು ಸಾಲು ಅಕ್ಷರಗಳು. ಸಾಲಿನ ಎರಡು ಕೊನೆಗಳಲ್ಲಿ, ಹಿಡಿಕೆಗಳ ಬುಡದಲ್ಲಿ, ಎರಡು ಸಣ್ಣ ಎಲೆಗೊಂಚಲುಗಳು. ಅಷ್ಟೇ ಅಲಂಕಾರ.

ಆ ಒಂದು ಸಾಲಿನಲ್ಲಿ ಏನು ಬರೆದಿದೆಯೆಂದು ತಿಳಿದಾಗ ನಾನು ಪುಸ್ತಕವನ್ನು ಕೆಳಗಿಟ್ಟು ಮೊಮ್ಮಗಳನ್ನು ಕೂಗಿದೆನು. ಅನೇಕ ಬಟ್ಟಲುಗಳಲ್ಲಿ ಬರೆದಿರುವುದು ಒಂದು ಶುಭಾಶಯ! ಸುಖವಾಗಿರು, ಚೆನ್ನಾಗಿ ಕುಡಿ ಎಂಬುದು ಅದರ ತಾತ್ಪರ್ಯ. ಮೊದಲ ಮಾತು ‘ಖೈರೆ’ ಎಂಬುದು; ಹರ್ಷಗೊಳ್ಳು ಎಂಬುದು ಅದರ ಧಾತ್ವರ್ಥ. ಗ್ರೀಕರು ಎದುರಾದವರನ್ನು ಈ ಮಾತಿನಿಂದಲೇ ಮಾತನಾಡಿಸುತ್ತಿದ್ದರು, ಬೀಳ್ಕೊಡುವಾಗಲೂ ಈ ಮಾತನ್ನೇ ಆಡುತ್ತಿದ್ದರು. ಸಮಾಧಿಯ ಕಲ್ಲುಗಳ ಮೇಲೂ ಇದೇ ಮಾತನ್ನು ಕೆತ್ತಿಸುತ್ತಿದ್ದರು. ಅತಿಥಿಯು ಬಟ್ಟಲನ್ನೆತ್ತಿದಾಗ ಬಟ್ಟಲೇ ಅವನಿಗೆ ಶುಭವನ್ನು ಕೋರುತ್ತಿದ್ದಿತು. ಕೋಲನ ಪತ್ರದಲ್ಲಿ ಕುಟುಂಬವು ಬಟ್ಟಲನ್ನೆತ್ತಿ ಶುಭವನ್ನು ಕೋರುವ ಚಿತ್ರವನ್ನು ವಾಚಕರು ಈಗ ಜ್ಞಾಪಿಸಿಕೊಳ್ಳಲಿ. ಅಥೆನ್ಸಿನ ಬಟ್ಟಲಿನ ಮೇಲೆ ಶುಭಾಶಯವಿದ್ದಿತು. ಲಂಡನ್ನಿನ ಶುಭಾಶಯದ ಮೇಲೆ ಬಟ್ಟಲಿದ್ದಿತು. ನಡುವೆ ಹರಿದ ಕಾಲವು ಇಪ್ಪತ್ತಮೂರು ಶತಮಾನಗಳಿಗೂ ಹೆಚ್ಚು.

ಇನ್ನೊಂದು ಸಂಗತಿಯೂ ಉಂಟು. ಈ ಬರಹಗಳಲ್ಲಿ ಅಕ್ಷರದೋಷಗಳು ಅಪರೂಪವಲ್ಲ. ಒಂದು ಅಕ್ಷರವು ಬಿಟ್ಟುಹೋಗಿರುವುದು, ಹಿಂದುಮುಂದಾಗಿರುವುದು ಕಾಣುತ್ತದೆ. ಕೆಲವು ಬಟ್ಟಲುಗಳಲ್ಲಿ ಅಕ್ಷರಗಳ ಸಾಲು ಇದೆಯೇ ಹೊರತು ಓದಿದರೆ ಯಾವ ಅರ್ಥವೂ ಇಲ್ಲ. ಬರಹವನ್ನು ಬರಿಯ ಅಲಂಕಾರವಾಗಿ ಇಟ್ಟಂತೆ ಕಾಣುತ್ತದೆ. ಮೂವತ್ತೈದು ವರ್ಷ ಮಕ್ಕಳ ಕಾಗುಣಿತವನ್ನು ತಿದ್ದಿದವನು ನಾನು. ಮೊದಲು ಇದನ್ನು ಓದಿ ನಕ್ಕೆನು. ಆಮೇಲೆ ನಗುವು ನಿಂತಿತು. ಕುಂಬಾರನು ಅಕ್ಷರದಲ್ಲಿ ಎಡವಿದನು. ಆದರೆ ಬಟ್ಟಲನ್ನು ಹಿಡಿದವನಿಗೆ ಅವನ ಕೋರಿಕೆಯು ತಿಳಿಯದೆ ಹೋಯಿತೆ?

ಈ ಪಾತ್ರೆಗಳ ಕೆಂಪು ಕಪ್ಪುಗಳ ರಹಸ್ಯವನ್ನೂ ಹೇಳಬೇಕು, ಏಕೆಂದರೆ ಪತ್ರದ ರಚನೆಗೆ ಅದರಿಂದ ಪಾಠವುಂಟು. ಅಲ್ಲಿ ಎರಡು ಬಣ್ಣಗಳಿರುವಂತೆ ಕಂಡರೂ ನಿಜವಾಗಿ ಎರಡೂ ಒಂದೇ ಬಗೆಯ ಮಣ್ಣು. ಅಥೆನ್ಸಿನ ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶವು ಹೆಚ್ಚು. ಆ ಮಣ್ಣನ್ನು ನೀರಿನಲ್ಲಿ ಕಲಸಿ, ದಪ್ಪ ಕಣಗಳು ತಳಕ್ಕಿಳಿದ ಮೇಲೆ ಉಳಿಯುವ ಅತಿ ನಯವಾದ ತಿಳಿಯನ್ನು ತೆಗೆದು, ಅದರಿಂದ ಪಾತ್ರೆಯ ಮೇಲೆ ಚಿತ್ರವನ್ನು ಬರೆಯುತ್ತಿದ್ದರು. ಆವಿಗೆಯಲ್ಲಿ ಮೊದಲು ಗಾಳಿಯಾಡುವಂತೆ ಸುಟ್ಟರೆ ಪಾತ್ರೆಯೆಲ್ಲ ಕೆಂಪಾಗುವುದು. ಅನಂತರ ಗಾಳಿಯ ಕಂಡಿಗಳನ್ನು ಮುಚ್ಚಿ ಹಸಿ ಸೌದೆಯ ಹೊಗೆಯನ್ನು ತುಂಬಿಸಿದರೆ ಎಲ್ಲವೂ ಕಪ್ಪಾಗುವುದು. ಆಗ ಬರೆದ ತಿಳಿಯು ಮಾತ್ರ ಗಾಜಿನಂತೆ ಬಿಗಿದುಕೊಳ್ಳುವುದು. ಕೊನೆಗೆ ಮತ್ತೆ ಗಾಳಿಯನ್ನು ಬಿಟ್ಟಾಗ, ಬರಿಯ ಮಣ್ಣು ಗಾಳಿಯನ್ನು ಹೀರಿ ಕೆಂಪಾಗಿ ತಿರುಗುವುದು. ಬಿಗಿದುಕೊಂಡ ತಿಳಿಯೊಳಕ್ಕೆ ಗಾಳಿಯು ಹೊಗಲಾರದೆ ಅದು ಕಪ್ಪಾಗಿಯೇ ನಿಲ್ಲುವುದು. ಒಂದು ಮಣ್ಣು, ಒಂದು ಬೆಂಕಿ, ಎರಡು ಬಣ್ಣ! ಮಣ್ಣೊಂದೇ ಸತ್ಯ, ಗಡಿಗೆ ಮೊದಲಾದ ವಿಕಾರಗಳು ಹೆಸರು ಮಾತ್ರವೆಂದು ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ತಿಳಿಸಿದ ದೃಷ್ಟಾಂತವು ನನ್ನ ನೆನಪಿಗೆ ಬಂದಿತು. ಕಣ್ಣು, ರೆಕ್ಕೆ, ಬಟ್ಟೆಯ ಮಡಿಕೆ ಮೊದಲಾದ ಸೂಕ್ಷ್ಮಗಳನ್ನು ತೋರಿಸಲು ಸುಡುವುದಕ್ಕೆ ಮೊದಲೇ ಮೊನಚಾದ ಸಲಾಕೆಯಿಂದ ಗೀರಿ, ಕೆಳಗಿನ ಮಣ್ಣು ಕಾಣುವಂತೆ ಮಾಡುತ್ತಿದ್ದರು. ಗೀರಿದುದನ್ನು ಮತ್ತೆ ತುಂಬುವಂತಿಲ್ಲ.

ಇದರಿಂದ ಪತ್ರವನ್ನು ರಚಿಸುವವರು ಕಲಿಯಬೇಕಾದುದು ಮೂರು ಮಾತು. ಎರಡಕ್ಕಿಂತ ಹೆಚ್ಚಿನ ಬಣ್ಣವು ಬೇಡ. ನೆಲದ ಬಣ್ಣವೂ ಲೆಕ್ಕಕ್ಕೆ ಸೇರಿದುದು. ಬಹುಭಾಗವನ್ನು ಬರಿದಾಗಿ ಬಿಡಬೇಕು. ಬರಿದಾದ ಜಾಗದಿಂದಲೇ ಒಂದು ಹಕ್ಕಿಗೆ ಬೆಲೆ ಬರುವುದು. ಅಕ್ಷರಗಳನ್ನು ಕೊನೆಯಲ್ಲಿ ತುರುಕುವ ವಸ್ತುವೆಂದೆಣಿಸದೆ, ಅಲಂಕಾರದ ಪಟ್ಟಿಯಂತೆ ಮೊದಲೇ ಅವುಗಳಿಗೆ ಸ್ಥಾನವನ್ನು ಗೊತ್ತುಮಾಡಬೇಕು.

ಪಾತ್ರೆಗೂ ಶುಭಕ್ಕೂ ಇರುವ ನಂಟು ಗ್ರೀಕರದು ಮಾತ್ರವಲ್ಲವೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಅತಿಥಿಯನ್ನು ಪೂರ್ಣಕುಂಭದಿಂದ ಎದುರುಗೊಳ್ಳುವ ದೇಶ ನಮ್ಮದು. ಲಗ್ನಪತ್ರಿಕೆಯ ಮೇಲೆ ಮಾವಿನೆಲೆಯ ನಡುವೆ ತೆಂಗಿನಕಾಯಿಯನ್ನು ಹೊತ್ತ ಕಲಶವನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಅಕ್ಷರವೇ ಬೇಡ, ಕುಂಭವೇ ಶುಭಾಶಯ. ಎರಡು ಬಣ್ಣಗಳ ಮಿತವ್ಯಯವೂ ನಮ್ಮ ಕುಂಬಾರರಿಗೆ ಹೊಸತಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿಯೂ, ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿಯೂ ೧೯೪೭ರಲ್ಲಿ ವೀಲರ್ ಮಹಾಶಯನು ನಡೆಸಿದ ಉತ್ಖನನಗಳಲ್ಲಿ, ಶಾತವಾಹನರ ಕಾಲಕ್ಕೆ ಸಲ್ಲುವ ಕಾವಿಬಣ್ಣದ ಮಡಕೆಗಳು ದೊರೆತುವು. ಅವುಗಳ ಮೇಲೆ ಬಿಳಿಯ ರೇಖೆಗಳ ಸರಳವಾದ ಅಲಂಕಾರವಿದೆ. ಅವು ಗ್ರೀಕರಿಂದ ಕಲಿತುವಲ್ಲ. ಕೈಯಲ್ಲಿ ಮಣ್ಣನ್ನು ಹಿಡಿದವನು ಎಲ್ಲಿದ್ದರೂ ಸ್ವಲ್ಪದರಲ್ಲಿ ತೃಪ್ತಿಪಡಲು ಕಲಿಯುತ್ತಾನೆಂಬುದನ್ನು ಮಾತ್ರ ಅವು ಹೇಳುತ್ತವೆ.

ಇಷ್ಟನ್ನು ತಿಳಿದುಕೊಂಡು ಅಜ್ಜನೂ ಮೊಮ್ಮಗಳೂ ಕೆಲಸಕ್ಕೆ ಕುಳಿತೆವು. ತುಳಸಿಯ ಕಟ್ಟೆಗೆ ಬಳಿಯಲು ತಂದಿದ್ದ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ಸ್ವಲ್ಪ ಗೋಂದು ಬೆರಸಿ, ದಪ್ಪ ಕಾಗದಕ್ಕೆ ಬಳಿದು ಒಣಗಿಸಿದೆವು. ಮೊದಲನೆಯ ಪತ್ರದಲ್ಲಿ ಅವಳು ರಥ, ಕುದುರೆ, ಯೋಧರು, ನಾಲ್ಕು ಅಂಚುಗಳಲ್ಲಿಯೂ ಬಳ್ಳಿ, ಎಲ್ಲವನ್ನೂ ತುಂಬಿದಳು. ಅದು ಜಾತ್ರೆಯ ಬೀದಿಯಂತೆ ಕಂಡಿತು. ತಾನೇ ಅದನ್ನು ದೂರ ಹಿಡಿದು ನೋಡಿ, ಪಕ್ಕಕ್ಕಿಟ್ಟಳು. ಎರಡನೆಯದರಲ್ಲಿ ಅಥೆನ್ಸಿನ ಬಟ್ಟಲಿನ ಕ್ರಮವನ್ನೇ ಹಿಡಿದೆವು. ಕಾಗದವನ್ನು ಮಡಿಸಿ, ಮುಖದ ಮೇಲ್ಭಾಗವನ್ನು ಬರಿದಾಗಿ ಬಿಟ್ಟು, ನಡುವೆ ಒಂದು ಹಕ್ಕಿ. ಅದರ ಕೆಳಗೆ ಒಂದು ಸಾಲು ಅಕ್ಷರ. ಸಾಲಿನ ಎರಡು ಕೊನೆಗಳಲ್ಲಿ ಎಲೆಗೊಂಚಲಿಗೆ ಬದಲಾಗಿ ಮಾವಿನ ಚಿಗುರು. ಅದರ ಕೆಳಗೆ ಅಚ್ಚಗಪ್ಪು.

ಯಾವ ಹಕ್ಕಿಯೆಂಬ ಪ್ರಶ್ನೆಗೆ ಅವಳೇ ಉತ್ತರವನ್ನು ಕೊಟ್ಟಳು. “ಕೋಗಿಲೆ ತಾತ, ಅದು ಹೇಗೂ ಕಪ್ಪಲ್ಲವೆ?” ಎಂದಳು. ಗಂಡು ಕೋಗಿಲೆಯ ಮೈ ಕಪ್ಪು, ಕಣ್ಣು ಕೆಂಪು. ಕಪ್ಪು ಮಸಿಯಲ್ಲಿ ಹಕ್ಕಿಯನ್ನು ಬರೆದು, ಮಸಿಯು ಆರಿದ ಮೇಲೆ, ಸೂಜಿಯ ಮೊನೆಯಿಂದ ಕಣ್ಣನ್ನು ಗೀರಿ ತೆಗೆದರೆ ಕೆಳಗಣ ಕೆಮ್ಮಣ್ಣು ಕಾಣಬೇಕು. ಇದು ಗ್ರೀಕರ ವಿಧಾನವೇ. ಮೊದಲ ಬಾರಿ ಸೂಜಿಯು ಆಳಕ್ಕಿಳಿದು, ಕೆಮ್ಮಣ್ಣೂ ಹೋಗಿ ಬಿಳಿಯ ಕಾಗದವು ಕಂಡಿತು, ಹಕ್ಕಿಯು ಕುರುಡಾಯಿತು. ಎರಡನೆಯ ಬಾರಿ ಕೈಯನ್ನು ಬಿಗಿಹಿಡಿದು ಮೆಲ್ಲನೆ ಗೀರಿದಳು. ಒಂದು ಸಾಸಿವೆಯಷ್ಟು ಕೆಂಪು ಮಿನುಗಿತು. ಕೋಗಿಲೆಯು ನಮ್ಮನ್ನು ನೋಡಿತು.

ಇಂತಹ ಐದು ಪತ್ರಗಳನ್ನು ಮಾಡಿದಳು. ಐದನೆಯದನ್ನು ಮುಗಿಸುವಾಗ ನಾನು ಬಳಿಯಲ್ಲಿರಲಿಲ್ಲ. ಬಂದು ನೋಡುವಷ್ಟರಲ್ಲಿ ಸಾಲಿನಲ್ಲಿ ‘ಯುಗಾದಿಯ ಶುಭಾಷಯ’ ಎಂದು ಬರೆದಿದ್ದಿತು, ಮಸಿಯು ಆರಿಹೋಗಿದ್ದಿತು. ಶಕಾರವಿರಬೇಕಾದೆಡೆಯಲ್ಲಿ ಷಕಾರ! ಈ ಒಂದು ತಪ್ಪನ್ನು ನಾನು ತರಗತಿಯ ಕಪ್ಪುಹಲಗೆಯ ಮೇಲೆ ಎಷ್ಟು ಸಲ ತಿದ್ದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಶುಭವಾದ ಆಶಯವೇ ಶುಭಾಶಯವೆಂದು ಪದವನ್ನು ಬಿಡಿಸಿ ತೋರಿಸಲು ಬಾಯಿ ತೆರೆದವನು, ಅವಳ ಕೈಬೆರಳುಗಳ ಮಸಿಯನ್ನು ನೋಡಿ ಸುಮ್ಮನಾದೆನು. ಪದವನ್ನು ಬಿಡಿಸುವ ಹಟದಲ್ಲಿಯೇ ಅಲ್ಲವೆ ನಾನು ಒಬ್ಬ ಮಿತ್ರನನ್ನು ಬಿಟ್ಟುದು?

ಉಳಿದ ನಾಲ್ಕನ್ನು ಅವಳು ತನ್ನ ಗೆಳತಿಯರಿಗೂ ಅತ್ತೆಗೂ ಕೊಟ್ಟಳು. ಐದನೆಯದನ್ನು ನಾನು ಬೇಡಿ ತೆಗೆದುಕೊಂಡೆನು. ಒಳಗೆ ಬರೆಯಲು ಎರಡು ಪುಟಗಳ ಜಾಗವಿದ್ದಿತು. ಲೇಖನಿಯನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆನು. ಒಂಬತ್ತು ವರ್ಷಗಳ ವಿವರಣೆಯೊಂದೂ ಅಲ್ಲಿ ಹಿಡಿಸುವಂತಿರಲಿಲ್ಲ. ಆಗ ಅಥೆನ್ಸಿನ ಕುಂಬಾರನ ಜಾಣತನವು ನನಗೆ ಅರಿವಾಯಿತು. ಹೇಳಬೇಕಾದುದು ಬಹಳವಿದ್ದಾಗ ಒಂದು ಸಾಲೇ ಸಾಕು. ಉಳಿದುದನ್ನು ಬರಿದಾದ ಜಾಗವು ಹೇಳುತ್ತದೆ. ಹೆನ್ರಿ ಕೋಲನಿಗೆ ಬರೆಯಬೇಕಾದವರು ಬಹಳ ಮಂದಿ ಇದ್ದರು; ನನಗೆ ಇದ್ದವನು ಒಬ್ಬನೇ. ಅವನಿಗೆ ಪುರುಸೊತ್ತಿರಲಿಲ್ಲ, ನನಗೆ ಧೈರ್ಯವಿರಲಿಲ್ಲ. ಇಬ್ಬರಿಗೂ ಅದೇ ಸಣ್ಣ ಪತ್ರವು ಉಪಕಾರಕ್ಕೆ ಬಂದಿತು. ಹೆಸರನ್ನು ಮಾತ್ರ ಬರೆದು, ಮೇಲ್ವಿಳಾಸವನ್ನು ಬರೆದು, ತಪ್ಪಿದ್ದ ಪತ್ರವನ್ನು ತಪ್ಪಿದ್ದಂತೆಯೇ ಅಂಚೆಗೆ ಹಾಕಿದೆನು.

ಹಬ್ಬದ ಬೆಳಗ್ಗೆ ದೂರವಾಣಿಯ ಪರದೆಯ ಮೇಲೆ ಶುಭಾಶಯದ ಚಿತ್ರಗಳು ಮಳೆಯಂತೆ ಸುರಿದುವು. ಒಂದನ್ನೇ ಏಳೆಂಟು ಮಂದಿ ಕಳುಹಿಸಿದ್ದರು. ಅವುಗಳನ್ನು ನಾನು ಹಳಿಯುವುದಿಲ್ಲ. ಕಳುಹಿಸುವ ಕ್ಷಣದಲ್ಲಿ ಅವರೂ ನನ್ನನ್ನು ನೆನೆದರಷ್ಟೆ. ಆದರೆ ಸಂಜೆಯ ಹೊತ್ತಿಗೆ ಅವುಗಳಲ್ಲಿ ಒಂದರ ರೂಪವೂ ನನ್ನ ಮನಸ್ಸಿನಲ್ಲಿ ಉಳಿದಿರಲಿಲ್ಲ.

ಹಬ್ಬವು ಕಳೆದು ಆರನೆಯ ದಿನ ತುಂಗಾತೀರದಿಂದ ಒಂದು ಅಂಚೆಯ ಕಾರ್ಡು ಬಂದಿತು. ಅಕ್ಷರಗಳು ಮೊದಲಿಗಿಂತ ಸ್ವಲ್ಪ ನಡುಗುತ್ತಿದ್ದುವು. ಆದರೆ ಅವನ ಅಕ್ಷರಗಳೇ. ಕ್ಷೇಮಸಮಾಚಾರವಾಗಲಿ ಹಳೆಯ ವಾದದ ಮಾತಾಗಲಿ ಅದರಲ್ಲಿರಲಿಲ್ಲ. ನಡುವೆ ಒಂದೇ ಸಾಲು: “ಅಕ್ಷರದಲ್ಲಿ ದೋಷವಿದೆ, ಆಶಯದಲ್ಲಿ ಇಲ್ಲ. ಹಕ್ಕಿಯ ಕಣ್ಣು ಚೆನ್ನಾಗಿದೆ. ಬರೆದ ಮಗುವನ್ನು ಕರೆದುಕೊಂಡು ಬಾ.”